ಊರಿಗೆ ಬಂದ ತಂತಿ, ಮನೆಯೊಳಗೆ ನಿಲ್ಲದ ವೈಫೈ

ವೈಫೈ ಹೋಯಿತು ಅಂದರೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ: ರೂಟರ್ ಆಫ್ ಮಾಡಿ, ಹತ್ತು ಎಣಿಸಿ, ಮತ್ತೆ ಆನ್ ಮಾಡುವುದು. ಅದರಿಂದ ಆಗದಿದ್ದರೆ ಕೇಬಲ್‌ನವರಿಗೆ ಫೋನು. ಅವರು 'ನಮ್ಮ ಕಡೆ ಎಲ್ಲ ಸರಿ ಇದೆ' ಅನ್ನುತ್ತಾರೆ. ಅಷ್ಟೊತ್ತಿಗೆ ಮಗಳ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಮುಗಿದಿರುತ್ತದೆ. ತಪ್ಪು ಮನೆಯೊಳಗಿದೆಯೋ ಹೊರಗಿದೆಯೋ ಗೊತ್ತಾಗಬೇಕಾದರೆ ಸಿಗ್ನಲ್ ನಮ್ಮೂರಿಗೆ ಬಂದ ದಾರಿಯನ್ನು ಸ್ವಲ್ಪ ತಿಳಿದಿರಬೇಕು.

ದೊಡ್ಡ ತಂತಿಯೊಂದು ನಮ್ಮ ಪಕ್ಕದಿಂದಲೇ ಹೊರಟಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಹೋಗಿದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಭರಚುಕ್ಕಿ ಕೊಳ್ಳೇಗಾಲದ ಕಡೆಗಿದ್ದರೂ ಆಗ ಕೊಳ್ಳೇಗಾಲ ಮೈಸೂರಿನದಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲೂಕು. ಪಕ್ಕದ ಯಳಂದೂರು ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಊರು. ಒಂದೇ ಸಂತೆಗೆ ಬರುವ ಜನ, ಕಚೇರಿ ಕಾಗದ ಮಾತ್ರ ಎರಡು ದಿಕ್ಕಿಗೆ. ಇದು ಸರಿಹೋಗಿದ್ದು 1956ರ ನವೆಂಬರ್ 1ಕ್ಕೆ. ಚಾಮರಾಜನಗರ ಜಿಲ್ಲೆ ಆಗಿದ್ದು 1997ರಲ್ಲಿ, ಹನೂರು ತಾಲೂಕಂತೂ ಮೊನ್ನೆ ಮೊನ್ನೆಯದು. ತಂತಿಗಳು ದೊಡ್ಡ ಊರಿನಿಂದ ಹೊರಟು ಸಣ್ಣ ಊರಿನಲ್ಲಿ ಮುಗಿಯುತ್ತವೆ. ಹೆಚ್ಚಿನ ಸಲ ನಾವು ಆ ಮುಗಿಯುವ ತುದಿಯಲ್ಲಿದ್ದವರು.

ಹಳ್ಳಿಗೆ ಫೋನು ಬಂದ ಕಥೆಯಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆ ಇದೆ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿತು. ಮೊದಲನೆಯದನ್ನು 1986ರಲ್ಲಿ ಕಿತ್ತೂರಿನಲ್ಲಿ ಕೂರಿಸಿದರು. ಅದರ ಗುಟ್ಟು ಬಹಳ ಸರಳ: ಏಸಿ ಬೇಡ, ಧೂಳು ಬಿಸಿಲಿಗೆ ಹೆದರಬೇಕಿಲ್ಲ. ಹೊರದೇಶದ ಯಂತ್ರಗಳು ತಣ್ಣನೆ ಕೋಣೆ ಕೇಳುತ್ತಿದ್ದ ಕಾಲ ಅದು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಆಮೇಲೆ ಬಂದವು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ವೇಗ 256 ಕೆಬಿಪಿಎಸ್. ಅದು ಬಂದಿದ್ದು ಅದೇ ಹಳೇ ಫೋನಿನ ತಾಮ್ರದ ತಂತಿಯಲ್ಲಿ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಆ ಸಿಗ್ನಲ್ ಸೋಲುತ್ತದೆ. ಜಾಯಿಂಟಿಗೆ ಮಳೆ ನೀರು ಇಳಿದರೆ ಗೊರಗೊರ ಸದ್ದು. ಪೇಟೆಯ ಮನೆಗೆ ನೆಟ್ ಸಿಕ್ಕು, ದೂರದ ತೋಟದ ಮನೆಗೆ ಸಿಗದಿದ್ದುದಕ್ಕೆ ಜಾತಕ ಕಾರಣವಲ್ಲ, ದೂರ ಕಾರಣ.

ಅದೇ ತಿಂಗಳು ಇನ್ನೊಂದು ಕೆಲಸ ಆಯಿತು, ಯಾರೂ ಹೆಚ್ಚು ಮಾತಾಡಲಿಲ್ಲ. 2.4 ಗಿಗಾಹರ್ಟ್ಸ್ ಅಲೆಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಅಮೆರಿಕ ಇದನ್ನು 1985ರಲ್ಲೇ ಮಾಡಿತ್ತು. ವೈಫೈ ಅನ್ನುವ ಹೆಸರು ಬಂದಿದ್ದು 1999ರಲ್ಲಿ. ಲೈಸೆನ್ಸ್ ಇಲ್ಲ ಅಂದರೆ ಅದು ಗೋಮಾಳ ಇದ್ದ ಹಾಗೆ: ಯಾರು ಬೇಕಾದರೂ ಮೇಯಿಸಬಹುದು, ಯಾರಿಗೂ ಹಕ್ಕುಪತ್ರವಿಲ್ಲ. ಪಕ್ಕದ ಮನೆ ರೂಟರು, ಬ್ಲೂಟೂತ್ ಸ್ಪೀಕರು, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ. ಕೊಳ್ಳೇಗಾಲದ ನೇಕಾರರ ಬೀದಿಯಂಥ ಒತ್ತೊತ್ತಾದ ಮನೆಗಳಲ್ಲಿ ರಾತ್ರಿ ಎಂಟಕ್ಕೆ ವಿಡಿಯೋ ಸುತ್ತುತ್ತಾ ಕೂರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ರೂಟರಿನ ಸೆಟಿಂಗಿನಲ್ಲಿ ಚಾನೆಲ್ಲನ್ನು 1, 6, 11ರಲ್ಲಿ ಖಾಲಿ ಇರುವುದಕ್ಕೆ ಬದಲಿಸಿದರೆ ಉಪಯೋಗವಿದೆ. ಹನೂರಿನ ಆಚೆಯ ಒಂಟಿ ಮನೆಯಲ್ಲಿ ಅದನ್ನು ಬದಲಿಸಿ ಏನೂ ಆಗದು. ಅಲ್ಲಿನ ಶತ್ರು ಗೋಡೆ. ದಪ್ಪ ಮಣ್ಣಿನ ಗೋಡೆ ಅಲೆಯನ್ನು ಕುಡಿಯುತ್ತದೆ, ತಗಡಿನ ಶೀಟು ಮತ್ತು ಕಬ್ಬಿಣದ ಬೀರು ವಾಪಸ್ ತಳ್ಳುತ್ತವೆ. ರೂಟರನ್ನು ಟಿವಿ ಹಿಂದೆ ಬಚ್ಚಿಡಬೇಡಿ. ನಡುಮನೆಯಲ್ಲಿ, ಎದೆಮಟ್ಟಕ್ಕಿಂತ ಮೇಲೆ ಇಡಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ದಾಟುವುದರಲ್ಲಿ ಸೋಮಾರಿ.

ಈಗ ಬರುವುದು ಗಾಜಿನ ಎಳೆ, ಅಂದರೆ ಫೈಬರ್. ಪ್ರತಿ ಗ್ರಾಮ ಪಂಚಾಯಿತಿಗೂ ಅದನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ನಮ್ಮ ತಕರಾರು ಇಷ್ಟೇ: ಪಂಚಾಯಿತಿ ಕಚೇರಿ ಗೋಡೆಗೆ ಎಳೆ ಬಂದರೆ ಊರಿಗೆ ಬಂದಂತೆ ಲೆಕ್ಕ ಹಾಕಿದರು. ಕಚೇರಿಯಿಂದ ನಿಮ್ಮ ಜಗಲಿವರೆಗಿನ ದಾರಿ ಯಾರದು? ಬಿಳಿಗಿರಿರಂಗನ ಬೆಟ್ಟ, ಮಾದಪ್ಪನ ಬೆಟ್ಟದ ಕಾಡೊಳಗಾದರೆ ನೆಲ ಅಗೆಯಲು ಅರಣ್ಯ ಇಲಾಖೆ ಅನುಮತಿಯೂ ಬೇಕು.

ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಅನ್ನುವ ಕೆಂಪು ದೀಪ ಹತ್ತಿದರೆ ಬೆಳಕು ನಿಮ್ಮ ಮನೆಗೇ ಬರುತ್ತಿಲ್ಲ ಎಂದರ್ಥ. ಎಲ್ಲೋ ಜೆಸಿಬಿ ಅಗೆದಿರಬಹುದು, ಇಲಿ ಕಡಿದಿರಬಹುದು, ಮನೆಯಲ್ಲೇ ವೈರು ಮಡಚಿರಬಹುದು. ಮಡಚಿದ್ದರೆ ಸಡಿಲ ಮಾಡಿ ನೋಡಿ. ಹೋಗದಿದ್ದರೆ ಹತ್ತು ಸಲ ಆಫ್ ಆನ್ ಮಾಡಿಯೂ ಲಾಭವಿಲ್ಲ. ಕೆಂಪು ದೀಪದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ದೂರಿನ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ದೀಪ ಸರಿ ಇದ್ದೂ ನೆಟ್ ಬರದಿದ್ದರೆ ರೂಟರಿನ ಪಕ್ಕದಲ್ಲೇ ನಿಂತು ನೋಡಿ. ಅಲ್ಲಿ ಚೆನ್ನಾಗಿ ಬಂದು ಕೋಣೆಯಲ್ಲಿ ಬರದಿದ್ದರೆ ಅದು ಗೋಡೆಯ ಸಮಸ್ಯೆ. ಪಕ್ಕದಲ್ಲೂ ಬರದಿದ್ದರೆ ಬಹುತೇಕ ಕೊಟ್ಟವರ ಕಡೆಯದು. ಸಂಜೆ ಬಲ್ಬು ಮಿಣುಕುವ ಹೊತ್ತಿಗೇ ರೂಟರು ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ವೋಲ್ಟೇಜ್ ಅಥವಾ ಅಡಾಪ್ಟರ್ ಮೇಲೆ ಅನುಮಾನ ಪಡಿ. ಹೆಚ್ಚಿನ ರೂಟರುಗಳು ನಡೆಯುವುದು 12 ವೋಲ್ಟಿನಲ್ಲಿ. ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿ ಅದಕ್ಕೆ ಹೊಂದುವ ಸಣ್ಣ ಯುಪಿಎಸ್ ಹಾಕಿದರೆ ಕರೆಂಟು ಹೋದರೂ ಒಂದೆರಡು ಗಂಟೆ ತಳ್ಳಬಹುದು.