ಲೆಕ್ಕಪತ್ರದ ಡಿಪ್ಲೊಮಾ: ಒಂದು ಹಳೆಯ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ನೌಕರಿ ಮಾಡುತ್ತಲೇ ಹಣಕಾಸು ನಿರ್ವಹಣೆಯ ಡಿಪ್ಲೊಮಾ ಓದುತ್ತಿದ್ದಾರೆ. ಸಂತೋಷದ ಸಂಗತಿ. ಇಂಥ ಡಿಪ್ಲೊಮಾ ನಮ್ಮ ದೇಶಕ್ಕೆ ಹೇಗೆ ಬಂದಿತು, ಅದಕ್ಕಾಗಿ ಒಬ್ಬ ಹೆಣ್ಣುಮಗಳು ಏನನ್ನೆಲ್ಲ ಎದುರಿಸಬೇಕಾಯಿತು ಎಂಬುದನ್ನು ಅವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಬರೆಯುವ ವಿದ್ಯೆ ನಮಗೆ ಹೊಸದೇನಲ್ಲ. ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಡತಗಳ ಮೇಲೆ ಬಳಪದಿಂದ ನಮ್ಮ ಶ್ಯಾನುಭೋಗರೂ ವರ್ತಕರೂ ಜಮಾ-ಖರ್ಚು ಬರೆಯುತ್ತಿದ್ದರು. ಈ ವಿದ್ಯೆಗೆ ಪರೀಕ್ಷೆಯಿರಲಿಲ್ಲ. ತಂದೆಯ ಪಕ್ಕದಲ್ಲಿ ಮಗ, ಯಜಮಾನನ ಪಕ್ಕದಲ್ಲಿ ಗುಮಾಸ್ತ ಕುಳಿತು ಕಲಿಯುವುದೇ ರೂಢಿ. ಅತ್ತ ಯುರೋಪಿನಲ್ಲಿ, ವೆನಿಸ್ ವರ್ತಕರು ಬಳಸುತ್ತಿದ್ದ ಡಬಲ್ ಎಂಟ್ರಿ ಎಂಬ ಜೋಡಿ ನಮೂದಿನ ಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ತನ್ನ ಗಣಿತ ಗ್ರಂಥದಲ್ಲಿ ವಿವರಿಸಿ ಅಚ್ಚು ಹಾಕಿಸಿದನು. ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ ಪುಸ್ತಕದಿಂದಲೂ ಕಲಿಯಬಹುದಾದ ವಿದ್ಯೆಯಾಯಿತು.

ಭಾರತದಲ್ಲಿ ವಾಣಿಜ್ಯವನ್ನು ಶಾಲೆಯಲ್ಲಿ ಕಲಿಸುವ ಪ್ರಯತ್ನ 1886ರಲ್ಲಿ ಮದರಾಸಿನಲ್ಲಿ, ಪಚ್ಚಯ್ಯಪ್ಪ ಧರ್ಮಸಂಸ್ಥೆಯ ಧರ್ಮದರ್ಶಿಗಳಿಂದ ಆರಂಭವಾಯಿತು. 1913ರಲ್ಲಿ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು ತೆರೆಯಿತು. ಇವುಗಳ ನಡುವೆ, 1906ರ ಅಕ್ಟೋಬರಿನಲ್ಲಿ, ಮದರಾಸಿನ ಹೆಸರಾಂತ ಆರ್ಬತ್ನಾಟ್ ಕಂಪೆನಿ ಕುಸಿದು ಬಿದ್ದಿತು. ಸಾವಿರಾರು ಜನ ಜೀವಮಾನದ ಉಳಿತಾಯವನ್ನು ಕಳೆದುಕೊಂಡರು. ಕಂಪೆನಿಯ ಮುಖ್ಯ ಪಾಲುದಾರ ಸರ್ ಜಾರ್ಜ್ ಆರ್ಬತ್ನಾಟ್‌ಗೆ 1907ರಲ್ಲಿ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಲೆಕ್ಕವನ್ನು ಹೊರಗಿನವರೊಬ್ಬರು ನಿರ್ಭಯವಾಗಿ ಪರಿಶೀಲಿಸುವುದು ಎಷ್ಟು ಅಗತ್ಯವೆಂಬುದನ್ನು ತಿಳಿಯಲು ಬೇರೆ ಪಾಠ ಬೇಕಿರಲಿಲ್ಲ.

1913ರ ಕಂಪೆನಿ ಕಾಯಿದೆಯು ಕಂಪೆನಿಗಳ ಲೆಕ್ಕ ಪರಿಶೋಧಿಸುವವರಿಗೆ ಸರಕಾರದ ಪ್ರಮಾಣಪತ್ರವಿರಬೇಕೆಂದು ವಿಧಿಸಿತು. ಅದಕ್ಕೆ ಅನುಸಾರವಾಗಿ 1918ರಲ್ಲಿ ಮುಂಬಯಿಯಲ್ಲಿ ‘ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ’ ಆರಂಭವಾಯಿತು. ಜನರ ಬಾಯಲ್ಲಿ ಇದು ಜಿ.ಡಿ.ಎ. ಎಂದಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದರಷ್ಟೇ ಸಾಲದು, ಮಾನ್ಯತೆ ಪಡೆದ ಲೆಕ್ಕಿಗರೊಬ್ಬರ ಕೈಕೆಳಗೆ ಮೂರು ವರ್ಷ ಕೆಲಸ ಕಲಿಯಬೇಕಿತ್ತು. ಆ ಮೇಲೆ ದೇಶದಲ್ಲೆಲ್ಲಿಯಾದರೂ ಲೆಕ್ಕ ಪರಿಶೋಧಿಸುವ ಹಕ್ಕು ದೊರೆಯುತ್ತಿತ್ತು. ನನಗೆ ಇಲ್ಲಿ ಸ್ವಾರಸ್ಯವೆನಿಸುವುದು ಆ ಮೂರು ವರ್ಷಗಳ ನಿಯಮ. ಪುಸ್ತಕ ಬಂದಿತು, ಪರೀಕ್ಷೆ ಬಂದಿತು. ಆದರೂ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ಹಳೆಯ ಪದ್ಧತಿಯನ್ನು ಕಾಯಿದೆಯೇ ಉಳಿಸಿಕೊಂಡಿತು.

ಈ ಡಿಪ್ಲೊಮಾವನ್ನು 1933ರಲ್ಲಿ ಗಳಿಸಿದವರು ಮದರಾಸಿನ ಆರ್. ಶಿವಭೋಗಂ. ಭಾರತದ ಮೊದಲ ಮಹಿಳಾ ಲೆಕ್ಕಪರಿಶೋಧಕಿ ಎಂದು ಇತಿಹಾಸ ಅವರನ್ನು ನೆನೆಯುತ್ತದೆ. 1907ರಲ್ಲಿ ಜನಿಸಿದ ಅವರು, ಬಾಲವಿಧವೆಯರ ಶಿಕ್ಷಣಕ್ಕಾಗಿ ದುಡಿದ ಸಿಸ್ಟರ್ ಸುಬ್ಬಲಕ್ಷ್ಮಿಯವರ ಪ್ರಭಾವದಲ್ಲಿ ಬೆಳೆದವರು. ಗಾಂಧೀಜಿಯವರ ಕರೆಗೆ ಓಗೊಟ್ಟು, ವಿದೇಶಿ ಬಟ್ಟೆಯ ಬಹಿಷ್ಕಾರದಲ್ಲಿ ಪಾಲ್ಗೊಂಡು, ವೆಲ್ಲೂರಿನ ಸೆರೆಮನೆಯಲ್ಲಿ ಒಂದು ವರ್ಷ ಕಳೆದರು. ಲೆಕ್ಕಪತ್ರದ ವಿದ್ಯೆಯನ್ನು ಕಲಿಯಬೇಕೆಂಬ ಸಂಕಲ್ಪ ಮೂಡಿದ್ದು ಅಲ್ಲಿಯೇ ಎನ್ನುತ್ತಾರೆ.

ಡಿಪ್ಲೊಮಾ ದೊರೆಯಿತು, ಆದರೆ ದಾರಿ ತೆರೆಯಲಿಲ್ಲ. ಸೆರೆವಾಸ ಅನುಭವಿಸಿದವರು ಲೆಕ್ಕಿಗರಾಗಿ ನೋಂದಾಯಿಸಿಕೊಳ್ಳಕೂಡದೆಂಬ ನಿಯಮ ಅವರಿಗೆ ಅಡ್ಡವಾಯಿತು. ನಿಯಮದ ಹಿಂದಿನ ಉದ್ದೇಶ ಮೇಲ್ನೋಟಕ್ಕೆ ನ್ಯಾಯವಾದದ್ದೇ: ವಂಚಕನ ಕೈಗೆ ಜನರ ಲೆಕ್ಕ ಕೊಡಬಾರದು. ಆದರೆ ಠೇವಣಿದಾರರಿಗೆ ಮೋಸ ಮಾಡಿ ಜೈಲಿಗೆ ಹೋದವನನ್ನೂ, ದೇಶಕ್ಕಾಗಿ ತಾನಾಗಿಯೇ ಜೈಲಿಗೆ ಹೋದವಳನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಿತು. ಶಿವಭೋಗಂ ಸುಮ್ಮನೆ ಕೂರಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿ, ಗೆದ್ದು, 1937ರಲ್ಲಿ ಸ್ವಂತ ವೃತ್ತಿಯನ್ನು ಆರಂಭಿಸಿದರು. ಕೊನೆಯವರೆಗೂ ಅವರ ಉಡುಗೆ ಖಾದಿಯೇ ಆಗಿತ್ತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1943ರಲ್ಲಿ ಜಿ.ಡಿ.ಎ. ನಿಂತುಹೋಯಿತು. ಸ್ವಾತಂತ್ರ್ಯಾನಂತರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆಯ ಪ್ರಕಾರ 1949ರ ಜುಲೈ 1ರಂದು ಇಂದಿನ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಅದರ ದಕ್ಷಿಣ ಭಾರತ ಪ್ರಾಂತೀಯ ಮಂಡಳಿಗೆ 1955ರಿಂದ 1958ರವರೆಗೆ ಶಿವಭೋಗಂ ಅವರೇ ಅಧ್ಯಕ್ಷೆ. ಒಂದು ಕಾಲಕ್ಕೆ ನೋಂದಣಿಗೇ ಅನರ್ಹರೆನಿಸಿದವರು ಆ ವೃತ್ತಿಯ ಮುಂಚೂಣಿಯಲ್ಲಿ ನಿಂತರು. 1966ರಲ್ಲಿ ಅವರು ತೀರಿಕೊಂಡರು.

ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೂ ಆ ಬಳಿಕ ಬಾಗಿಲು ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ, 1996ರಲ್ಲಿ ಮೈಸೂರಿನಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಬಂದವು. ಮನೆ, ಮಕ್ಕಳು, ಕಚೇರಿ ಎಲ್ಲವನ್ನೂ ನಿಭಾಯಿಸಿಕೊಂಡು ಹಣಕಾಸಿನ ವಿದ್ಯೆಯನ್ನು ಕಲಿಯಲು ಸಾಧ್ಯವಾದದ್ದು ಹೀಗೆ.

ಆದರೆ ದೂರಶಿಕ್ಷಣದ ಪುಸ್ತಕ ಪಕ್ಕದಲ್ಲಿ ಕುಳಿತ ಹಿರಿಯರ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. ಲೆಕ್ಕ ತಾಳೆಯಾಗದಿದ್ದಾಗ ರಾತ್ರಿಯೆಲ್ಲ ಹುಡುಕುವ ಹಟವನ್ನೂ, ತಾಳೆಯಾಗದ ಲೆಕ್ಕಕ್ಕೆ ಸಹಿ ಹಾಕೆಂದು ಒತ್ತಾಯಿಸುವವರಿಗೆ ‘ಆಗದು’ ಎನ್ನುವ ಧೈರ್ಯವನ್ನೂ ಕಲಿಸುವುದು ಮನುಷ್ಯರೇ. ಆದ್ದರಿಂದ, ಓದುತ್ತಿರುವ ಮಕ್ಕಳೇ, ನಿಮ್ಮ ಕಚೇರಿಯಲ್ಲಿ ಅಂಥ ಹಿರಿಯರೊಬ್ಬರಿದ್ದರೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಡಿಪ್ಲೊಮಾ ನಿಮಗೆ ಸಹಿ ಹಾಕುವ ಹಕ್ಕನ್ನು ಕೊಟ್ಟೀತು. ಯಾವುದಕ್ಕೆ ಹಾಕಬಾರದೆಂಬ ವಿವೇಕವನ್ನು ನೀವೇ ಗಳಿಸಬೇಕು.