ಅದೃಶ್ಯಕಣಾನ್ವೇಷಣೆಯಲ್ಲಿ ಒಂದು ಪ್ರತಿಜ್ಞಾಪರಿತ್ಯಾಗ

ಗೋಡೆಗೆ ತಾಗಿದ ಬೆಳಕು ಆಚೆಗೆ ಹಾಯದೆಂಬುದು ಲೋಕಪ್ರಸಿದ್ಧ. ಆದರೆ ಬೆಳಕು ಈಚೆಯೇ ರೂಪಾಂತರವನ್ನು ಹೊಂದಿ, ಗೋಡೆಯೊಳಗೆ ನಿರಾತಂಕವಾಗಿ ನುಸುಳಿ, ಆಚೆ ಮರಳಿ ಬೆಳಕಾಗಬಹುದೆ ಎಂಬ ಪ್ರಶ್ನೆಯು ಸುಮಾರು ನಾಲ್ಕು ದಶಕಗಳಿಂದ ಭೌತವಿಜ್ಞಾನಿಗಳ ಪರೀಕ್ಷೆಗೆ ವಿಷಯವಾಗಿದೆ.

ಪರಮಾಣುಗರ್ಭದ ಪ್ರಬಲಶಕ್ತಿಯ ಸ್ವಭಾವದಲ್ಲಿ ಕಂಡ ಒಂದು ತೊಡಕನ್ನು ಪರಿಹರಿಸಲು 1977ರಲ್ಲಿ ಪೆಚ್ಚೆಯಿ ಮತ್ತು ಕ್ವಿನ್ ಎಂಬ ವಿದ್ವಾಂಸರು ಒಂದು ಸಿದ್ಧಾಂತವನ್ನು ಮಂಡಿಸಿದರು. ಅದನ್ನೊಪ್ಪಿದರೆ ಅತಿಲಘುವಾದ ಕಣವೊಂದನ್ನೂ ಒಪ್ಪಬೇಕಾಗುವುದೆಂದು 1978ರಲ್ಲಿ ವೈನ್‌ಬರ್ಗ್, ವಿಲ್‌ಚೆಕ್ ಇಬ್ಬರೂ ಬೇರೆ ಬೇರೆಯಾಗಿ ತೋರಿಸಿದರು. ವಿಲ್‌ಚೆಕ್ ಅದಕ್ಕಿಟ್ಟ ಹೆಸರು ಆಕ್ಸಿಯಾನ್. ಇಂತಹ ಕಣಗಳಿಗೆ ಇತರ ದ್ರವ್ಯದೊಡನೆ ಸಂಬಂಧವು ಅತ್ಯಲ್ಪ. ಆದಕಾರಣ ಗೋಡೆಯು ಅವಕ್ಕೆ ತಡೆಯಲ್ಲ. ಬಲವಾದ ಕಾಂತಕ್ಷೇತ್ರದಲ್ಲಿ ಮಾತ್ರ ಬೆಳಕು ಕಣವಾಗಿಯೂ ಕಣವು ಬೆಳಕಾಗಿಯೂ ಮಾರ್ಪಡಬಲ್ಲದು. ಹಾಗೆ ಮಾರ್ಪಟ್ಟಲ್ಲಿ ಲೇಸರ್ ಕಿರಣದ ಕಂಪನತಲವು ಕಿಂಚಿತ್ತು ತಿರುಗಬೇಕೆಂದು 1986ರಲ್ಲಿ ಮಯಾನಿ, ಪೆಟ್ರೋಂಜಿಯೊ, ಜವಟ್ಟೀನಿ ಎಂಬ ಮೂವರು ಬರೆದರು.

ಇಟಲಿಯ ಪಡುವಾ ನಗರದ ಸಮೀಪದ ಲೆನ್ಯಾರೊದಲ್ಲಿ ಎಮಿಲಿಯೊ ಜವಟ್ಟೀನಿಯವರೂ ಅವರ ಸಂಗಡಿಗರೂ ಪಿವಿಲಾಸ್ ಎಂಬ ಪ್ರಯೋಗವನ್ನು ನಡೆಸಿದರು. ಎರಡು ಕನ್ನಡಿಗಳ ನಡುವೆ ಕಿರಣವು ಸಾವಿರಾರು ಬಾರಿ ಸಂಚರಿಸುವಂತೆ ಮಾಡಿ, 5 ಟೆಸ್ಲಾ ಪ್ರಮಾಣದ ಕಾಂತಕ್ಷೇತ್ರದಲ್ಲಿ ಅದನ್ನು ಪರೀಕ್ಷಿಸಿದರು. ತಲವು ತಿರುಗಿತೆಂದು 2006ರಲ್ಲಿ ಪ್ರಕಟಿಸಿದರು. ತಿರುಗಿದ ಅಳತೆಯು ಒಂದೊಂದು ಸಂಚಾರಕ್ಕೆ ರೇಡಿಯನ್ನಿನ ಲಕ್ಷಕೋಟಿಯಲ್ಲಿ ಸುಮಾರು 4 ಪಾಲು! ವಿದ್ವಲ್ಲೋಕದಲ್ಲಿ ಸಂಭ್ರಮವುಂಟಾಯಿತು, ಸಂಶಯವೂ ಉಂಟಾಯಿತು. ಅಂತಹ ಕಣವಿದ್ದಲ್ಲಿ ಸೂರ್ಯಾದಿ ನಕ್ಷತ್ರಗಳ ತೇಜಸ್ಸನ್ನು ಅದು ಬಹುಬೇಗ ಹೊರಗೆ ಸಾಗಿಸಿ ಅವುಗಳ ಆಯುಸ್ಸನ್ನು ಕುಗ್ಗಿಸಬೇಕಾಗಿದ್ದಿತು.

ಆಕ್ಷೇಪಕ್ಕೆ ಮಾತಿನಿಂದ ಉತ್ತರ ಕೊಡದೆ, ಅದೇ ಮಂಡಲಿಯವರು ಯಂತ್ರವನ್ನು ಸಂಸ್ಕರಿಸಿ ಮತ್ತೆ ಅಳೆದರು. ತಿರುಗುವಿಕೆ ಕಾಣಲಿಲ್ಲ. ಹಿಂದೆ ಕಂಡದ್ದು ಉಪಕರಣದೋಷವೆಂದು 2007ರಲ್ಲಿ ತಾವಾಗಿಯೇ ಸಾರಿದರು. ಆ ವರ್ಷದ ಆರಂಭದಲ್ಲಿಯೇ ಜವಟ್ಟೀನಿಯವರು ಕಾಲವಾಗಿದ್ದರು. ಅಮೆರಿಕದ ಫರ್ಮಿ ಪ್ರಯೋಗಶಾಲೆಯವರು ಗೋಡೆಯನ್ನಿಟ್ಟು ಮಾಡಿದ ಪರೀಕ್ಷೆಯ ಫಲವು 2008ರಲ್ಲಿ ಹೊರಬಂದು, ಹಿಂದಿನ ಕಣಕಲ್ಪನೆಯನ್ನು ಸ್ವತಂತ್ರವಾಗಿ ನಿರಾಕರಿಸಿತು.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ, ಇಲ್ಲಿ ಹೇತುವು ಸ್ವರೂಪಾಸಿದ್ಧ. ಪಕ್ಷದಲ್ಲಿಯೇ ಅದು ಇರಲಿಲ್ಲ. ಆದರೆ ಇಷ್ಟರಿಂದ ಕಣವೇ ಇಲ್ಲವೆಂದು ಸಾಧಿಸಿದಂತಾಗದು. ಕತ್ತಲೆಯಲ್ಲಿ ಘಟವು ಕಾಣದಿದ್ದರೆ ಘಟಾಭಾವವು ಸಿದ್ಧಿಸುವುದಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಳದಲ್ಲಿ ಕಾಣದಿರುವುದೇ ಅಭಾವಕ್ಕೆ ಸಾಧಕ. ಯಂತ್ರದ ಶಕ್ತಿಯೆಷ್ಟೋ ಅದರ ನಿಷೇಧವೂ ಅಷ್ಟೇ.

ಈ ಯೋಗ್ಯತೆಯನ್ನು ಹೆಚ್ಚಿಸುವುದಕ್ಕಾಗಿಯೇ ಜರ್ಮನಿಯ ಹ್ಯಾಂಬರ್ಗಿನಲ್ಲಿ, 2007ರಲ್ಲಿ ನಿಂತುಹೋದ ಹೆರಾ ಎಂಬ ಮಹಾಯಂತ್ರದ 24 ಕಾಂತಗಳನ್ನು ಗೋಡೆಯ ಇಕ್ಕೆಲಗಳಲ್ಲಿ ಹನ್ನೆರಡರಂತೆ ಜೋಡಿಸಿ, 2023ರ ಮೇ ತಿಂಗಳಲ್ಲಿ ಆಲ್ಪ್ಸ್-2 ಪ್ರಯೋಗವನ್ನು ಆರಂಭಿಸಿದರು. ಗೋಡೆಯಾಚೆಯ ಬೆಳಕು ಕಾಣಲಿ, ಕಾಣದಿರಲಿ, ಲೆನ್ಯಾರೊದವರು ಹಾಕಿಕೊಟ್ಟ ಮೇಲ್ಪಂಕ್ತಿ ಇದು: ತನ್ನ ಪ್ರತಿಜ್ಞೆಯನ್ನು ತಾನೇ ಪರೀಕ್ಷಿಸಿ, ದೋಷವು ಕಂಡೊಡನೆ ಬಿಟ್ಟುಕೊಡುವವನಿಗೆ ವಾದದಲ್ಲಿ ಸೋಲಿಲ್ಲ.