ಮೊದಲ ಸಾಲಿನಲ್ಲೇ ಇದ್ದ ಹೆಸರು

ಗೊರೇಬಾಳದ ನಮ್ಮ ಮನೆಯಲ್ಲಿ ನನಗೆ ಓದಿನ ಹುಚ್ಚು ಹಿಡಿಸಿದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಸಿಂಧನೂರು ಸಂತೆಗೆ ಹೋದಾಗಲೆಲ್ಲ ಅಪ್ಪ ಒಂದೆರಡು ಹಳೆಯ ಪ್ರತಿ ತರುತ್ತಿದ್ದ. ಕೊಲೆಗಾರ ಯಾರೆಂದು ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ಬೇಸಿಗೆ ರಜೆಗೆ ಅವ್ವನ ತವರು ಮಸ್ಕಿಗೆ ಹೋದರೆ, ದುರ್ಗದ ಗುಡ್ಡದ ಬುಡದಲ್ಲಿ ಕುರಿ ಬಿಟ್ಟು ಕೂತ ಅಜ್ಜನ ಬಾಯಲ್ಲಿ ಅದಕ್ಕಿಂತ ದೊಡ್ಡ ಗುಟ್ಟು ಇರುತ್ತಿತ್ತು.

“ಆ ಕಲ್ಲಿನ ಮ್ಯಾಲಿನ ಅಕ್ಷರ ಓದಿದವಗ ಹೊನ್ನಿನ ಕೊಪ್ಪರಿಗಿ ಸಿಗತೈತಿ ಅಂತಿದ್ರಪಾ ಹಿಂದಿನವ್ರು.”

“ನೀ ಓದಿಯೇನಜ್ಜಾ?”

“ನನಗೆಲ್ಲಿ ಬರ್ತೈತಿ ತಮ್ಮಾ, ಅದು ದೇವರ ಲಿಪಿ.”

ಅಜ್ಜ ಹೀಗೆ ಹೇಳುವ ಹೊತ್ತಿಗೆ ಆ ಲಿಪಿ ಓದಿ ಅರ್ಧ ಶತಮಾನ ದಾಟಿತ್ತು. ನಾನದನ್ನು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅಂದಿನಿಂದ ಇಂದಿನವರೆಗೆ ಮಸ್ಕಿಯ ಕಥೆಯಷ್ಟು ನನ್ನನ್ನು ಕಾಡಿದ ಪತ್ತೇದಾರಿ ಕಥೆ ಇನ್ನೊಂದಿಲ್ಲ.

ಕಥೆ ಶುರುವಾಗುವುದು ನಮ್ಮ ಸೀಮೆಯಿಂದ ಬಹಳ ದೂರದಲ್ಲಿ. ಉತ್ತರದ ಕಲ್ಲುಗಂಬಗಳ ಮೇಲೆ ಯಾರಿಗೂ ಓದಲು ಬಾರದ ಬರಹವಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಂಥ ಎರಡು ಕಂಬಗಳನ್ನು ದಿಲ್ಲಿಗೆ ಸಾಗಿಸಿ ಪಂಡಿತರನ್ನು ಕರೆಸಿ ಕೇಳಿದ, ಒಬ್ಬರಿಂದಲೂ ಆಗಲಿಲ್ಲ. ಕೊನೆಗೆ 1837ರಲ್ಲಿ ಕಲ್ಕತ್ತದ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ. ಅಕ್ಷರಗಳೇನೋ ಬಾಯಿಬಿಟ್ಟವು, ಮಾತಾಡುತ್ತಿದ್ದವನು ಯಾರೆಂಬುದು ಮಾತ್ರ ತಿಳಿಯಲಿಲ್ಲ. ಅವನು ತನ್ನನ್ನು ಕರೆದುಕೊಳ್ಳುತ್ತಿದ್ದುದು ‘ದೇವಾನಂಪಿಯ’, ‘ಪಿಯದಸಿ’ ಎಂದು, ಎರಡೂ ಬಿರುದುಗಳು. ಪ್ರಿನ್ಸೆಪ್ ಮೊದಲು ಸಿಂಹಳದ ರಾಜನೊಬ್ಬನ ಮೇಲೆ ಅನುಮಾನಪಟ್ಟ. ಅದೇ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥವೊಂದನ್ನು ತಿರುವಿ ಹಾಕಿ, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೇ ಎಂದು ತೋರಿಸಿಕೊಟ್ಟ. ಆದರೆ ಅದು ಪುಸ್ತಕದ ಸಾಕ್ಷಿ. ಆ ಶಾಸನಗಳಲ್ಲಿ ಒಂದೂ ‘ನಾನೇ ಅಶೋಕ’ ಎಂದಿರಲಿಲ್ಲ. ಎಪ್ಪತ್ತೆಂಟು ವರ್ಷ ಆ ಜಾಗ ಖಾಲಿಯೇ ಉಳಿಯಿತು.

1915ರಲ್ಲಿ ನಿಜಾಮರ ಸೀಮೆಯಾಗಿದ್ದ ಮಸ್ಕಿಗೆ ಬೀಡನ್ ಎಂಬ ಗಣಿ ಇಂಜಿನಿಯರ್ ಬಂದ. ಚಿನ್ನದ ಅದಿರು ಹುಡುಕಿಕೊಂಡು ಗುಡ್ಡ ಸುತ್ತುತ್ತಿದ್ದವನಿಗೆ ಬಂಡೆಗಳ ಮರೆಯಲ್ಲಿ ಈ ಬರಹ ಕಂಡಿತು. ಹೈದರಾಬಾದಿನಲ್ಲಿ ಗುಲಾಂ ಯಜ್ದಾನಿಯವರ ಪುರಾತತ್ವ ಇಲಾಖೆ ಆಗಷ್ಟೇ ಕಣ್ಣು ಬಿಟ್ಟಿತ್ತು. ಅದಕ್ಕಾಗಿ ಈ ಬರಹ ಓದಿದವರು ಶಾಸನತಜ್ಞ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಇಲಾಖೆಯ ಪ್ರಕಟಣೆಗಳ ಮಾಲೆಯಲ್ಲಿ ಮೊದಲನೆಯ ಸಂಖ್ಯೆಯಾಗಿ ಹೊರಬಂದದ್ದು ಇದೇ ಶಾಸನ. ಪತ್ತೇದಾರಿ ಪುಸ್ತಕದಲ್ಲಿ ಹೆಸರಿಗಾಗಿ ಕೊನೆಯ ಪುಟದವರೆಗೆ ಕಾಯಬೇಕು. ಇಲ್ಲಿ ಅದು ಮೊದಲ ಸಾಲಿನಲ್ಲೇ ಇತ್ತು: ದೇವಾನಂಪಿಯಸ ಅಸೋಕಸ. ಕನ್ನಡದ ವಿದ್ವಾಂಸರೊಬ್ಬರು ಆ ಹತ್ತು ಅಕ್ಷರಗಳ ಮುಂದೆ ಕೂತ ಗಳಿಗೆಯನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ಉಳಿದ ಸಾಲುಗಳ ತಿರುಳು ಇಷ್ಟು. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷಕ್ಕೂ ಮೇಲಾಯಿತು. ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಅದರ ಫಲ ಸಿಗುತ್ತದೆ. ಇದನ್ನು ಇಬ್ಬರಿಗೂ ತಿಳಿಸಿ. ಭಾಷೆ ಪ್ರಾಕೃತ. ಇಲ್ಲಿ ದನ ಕಾಯುತ್ತಿದ್ದವನಿಗೆ, ಮಣಿ ಕೊರೆಯುತ್ತಿದ್ದವನಿಗೆ ಅದನ್ನು ಅವರ ಮಾತಿನಲ್ಲಿ ಯಾರೋ ಬಿಡಿಸಿ ಹೇಳಿರಲೇಬೇಕು. ಆ ಹೇಳುವವನ ದನಿಯೇ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು.

ಮುಂದೆ ಸಾಕ್ಷಿಗಳು ಒಂದೊಂದಾಗಿ ಬಂದವು. ಮಧ್ಯಪ್ರದೇಶದ ಗುಜರ್ರಾದಲ್ಲಿ ಇನ್ನೊಮ್ಮೆ ಆ ಹೆಸರು ಸಿಕ್ಕಿತು. 1970ರ ದಶಕದಲ್ಲಿ ನಮ್ಮ ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಮತ್ತೆರಡು ಸಲ. ತನ್ನ ಶಾಸನದಲ್ಲಿ ಅಶೋಕ ಹೆಸರು ಹೇಳಿಕೊಂಡ ಊರು ನಾಲ್ಕಾದರೆ ಮೂರು ಇಲ್ಲೇ, ಒಂದೇ ಹೊಳೆಯ ಆಚೀಚೆ. ಏಕೆ? ಪಾಟಲಿಪುತ್ರದ ಹತ್ತಿರದವರಿಗೆ ದೇವಾನಂಪಿಯ ಅಂದರೆ ಸಾಕಿತ್ತು. ದೂರದ ನಮ್ಮವರಿಗೆ, ಹೊಸ ಊರಿಗೆ ಬಂದವನು ಹೇಳುವ ಹಾಗೆ, ಹೆಸರು ಹೇಳಲೇಬೇಕಾಯಿತು ಎಂದು ನಾನು ಊಹಿಸುತ್ತೇನೆ. ಆದರೆ 1931ರಲ್ಲಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಸಿಕ್ಕ ಇದೇ ಶಾಸನದ ಪ್ರತಿಗಳಲ್ಲಿ ಹೆಸರಿಲ್ಲ. ಅಲ್ಲಿ ನನ್ನ ತರ್ಕ ಮುಗ್ಗರಿಸುತ್ತದೆ.

ಇನ್ನೊಂದು ಗಂಟೂ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಎಂದರೆ ರಾಜಕುಮಾರ, ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಆಜ್ಞೆ ಕಳಿಸುತ್ತಾನೆ. ದಕ್ಷಿಣದ ರಾಜಧಾನಿಯಾಗಿದ್ದ ಆ ಸುವರ್ಣಗಿರಿ ಎಲ್ಲಿತ್ತು? ಗಂಗಾವತಿ ಕಡೆಯ ಕನಕಗಿರಿ ಅಂದವರಿದ್ದಾರೆ, ಆಂಧ್ರದ ಜೊನ್ನಗಿರಿ ಅಂದವರಿದ್ದಾರೆ, ಮಸ್ಕಿಯೇ ಅಂದವರೂ ಇದ್ದಾರೆ. ಹೆಸರಲ್ಲೇ ಚಿನ್ನವಿದೆ, ಮಸ್ಕಿಯ ಆಸುಪಾಸಿನಲ್ಲೇ, ಲಿಂಗಸುಗೂರಿನ ಹಟ್ಟಿಯಲ್ಲಿ ಹಿಂದಿನವರು ನೂರಾರು ಅಡಿ ಆಳಕ್ಕೆ ಚಿನ್ನ ತೋಡಿದ ಗುರುತುಗಳಿವೆ. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗ ಹೊಸಶಿಲಾಯುಗದಿಂದ ಮಧ್ಯಕಾಲದವರೆಗೆ ಬದುಕು ಪದರಪದರವಾಗಿ ಸಿಕ್ಕಿತು. ನನ್ನ ಮನಸ್ಸು ಮಸ್ಕಿಯ ಕಡೆಗೇ ವಾಲುತ್ತದೆ. ಅವ್ವನ ತವರೆಂಬ ಮೋಹವೂ ಅದರಲ್ಲಿ ಸೇರಿದೆ.

ಕೊಪ್ಪರಿಗೆಯ ಮಾತು ನಮ್ಮ ಕಡೆ ಇನ್ನೂ ಸತ್ತಿಲ್ಲ. ನಿಧಿಯಾಸೆಗೆ ರಾತ್ರಿ ಗುಡಿ ಅಗೆದವರು, ವೀರಗಲ್ಲು ಕಿತ್ತವರು ಇದ್ದಾರೆ. ಕಿತ್ತುಹೋದ ಕಲ್ಲು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಅದರ ಮೊದಲ ಸಾಲಿನಲ್ಲಿ ಯಾರ ಹೆಸರಿತ್ತೋ ಎಂದು.

ಕಳೆದ ಸಲ ಮೊಮ್ಮಗಳನ್ನು ಮಸ್ಕಿಗೆ ಕರೆದೊಯ್ದಿದ್ದೆ. ಕಲ್ಲಿನ ಮೇಲೆ ಕೂಡಿಸುಗುರುತಿನಂಥ ಅಕ್ಷರ ಕಂಡು, “ಇದೇನು ತಾತಾ?” ಅಂದಳು. “ಕ” ಅಂದೆ. ಗುಡ್ಡ ಇಳಿಯುವವರೆಗೂ ಅವಳು ಅದನ್ನು ಅಂಗೈಯಲ್ಲಿ ಬರೆಯುತ್ತಲೇ ಇದ್ದಳು.